ಘುಟ್ಟಿಯ ಮುರುಡಸೆಂಗಿ ನಿಮ್ಮ ಹಿತ್ತಲಲ್ಲಿ: ಎಡಮುರಿ ಗಿಡ ಗುರುತಿಸಿ ಬೆಳೆಸುವ ಬಗೆ

ನಮ್ಮ ಕಡೆ ಕೂಸಿರುವ ಮನೆಯಲ್ಲಿ ಸಾಣೆಕಲ್ಲಿನ ಪಕ್ಕ ಒಂದು ಸಣ್ಣ ಡಬ್ಬಿ ಇರುತ್ತಿತ್ತು. ಅದರೊಳಗೆ ಬಜೆ, ಜಾಜಿಕಾಯಿ, ಅಳಲೆಕಾಯಿ. ಜೊತೆಗೆ ಹಗ್ಗದ ತುಂಡು ಹೊಸೆದು ಒಣಗಲು ಬಿಟ್ಟಂತೆ ಕಾಣುವ ಇನ್ನೊಂದು ಕಾಯಿ. ಕೂಸಿಗೆ ಹೊಟ್ಟೆನೋವು ಬಂದರೆ ಘುಟ್ಟಿಗೆ, ಅಂದರೆ ಕೂಸಿಗೆ ತೇಯ್ದು ಕುಡಿಸುವ ಮನೆಮದ್ದಿಗೆ, ಅದನ್ನೂ ಎರಡು ಸುತ್ತು ತೇಯುತ್ತಿದ್ದರು. "ಹೊಟ್ಟಿ ಮುರದ್ರ ಮುರದ ಕಾಯಿನೇ ಮದ್ದು" ಎನ್ನುವುದು ನಮ್ಮ ಆಯಿಯ ಲೆಕ್ಕ. ಆ ಕಾಯಿ ಯಾವ ಗಿಡದ್ದು ಎಂದು ಕೇಳಿದರೆ ಮಾತ್ರ ಅವಳಿಗೂ ಗೊತ್ತಿರಲಿಲ್ಲ. "ಅಂಗಡ್ಯಾಗ ಸಿಗ್ತದ" ಅಂದುಬಿಡುತ್ತಿದ್ದಳು. ನಾನು ಆ ಗಿಡ ನೋಡಿದ್ದು 30 ದಾಟಿದ ಮೇಲೆ, ಚಿಂಚೋಳಿ ಕಡೆ ಹೋದಾಗ. ಈಗ ಕಲಬುರಗಿಯ ನಮ್ಮ ಹಿತ್ತಲಲ್ಲಿ ಮೂರು ಗಿಡ ಇವೆ. ಮೂರಕ್ಕೆ ಬರುವಷ್ಟರಲ್ಲಿ ಎಷ್ಟು ಸತ್ತವು ಅನ್ನೋದನ್ನು ಮುಂದೆ ಹೇಳುತ್ತೇನೆ.

ಕನ್ನಡದಲ್ಲಿ ಇದಕ್ಕೆ ಎಡಮುರಿ ಎಂದು ಹೆಸರು, ಬಲಮುರಿ ಅಂತಲೂ ಕರೆಯುತ್ತಾರೆ. ಬಸವಕಲ್ಯಾಣ, ಔರಾದ್ ಕಡೆ ಮರಾಠಿ ಬಲ್ಲವರು ಮುರುಡಶೇಂಗ ಎನ್ನುತ್ತಾರೆ, ಅದೇ ನಮ್ಮ ಬಾಯಲ್ಲಿ ಮುರುಡಸೆಂಗಿ. ಸೇಡಂ, ಗುರುಮಠಕಲ್ ಕಡೆಯ ತೆಲುಗಿನವರಿಗೆ ನುಲಿತಡ. ಹಿಂದಿ, ಉರ್ದು ಮಾತಾಡುವ ಅಂಗಡಿಯವರಿಗೆ ಮರೋಡ್‌ಫಲಿ. ಎಲ್ಲ ಹೆಸರಲ್ಲೂ ತಿರುಚಿದ್ದು, ಹೊಸೆದದ್ದು ಎಂಬ ಅರ್ಥವೇ ಇದೆ. ಸಸ್ಯಶಾಸ್ತ್ರದಲ್ಲಿ ಹೆಲಿಕ್ಟೆರಿಸ್ ಐಸೋರಾ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು, ಅದರಲ್ಲೂ ತಿರುಚಿದ ಕಾಯಿಯೇ ಕೂತಿದೆ. ನರ್ಸರಿಯಲ್ಲಿ ಕೇಳುವಾಗ ಈ ಹೆಸರನ್ನೂ ಬರೆದುಕೊಂಡು ಹೋಗಿ. ಯಾಕೆ ಅಂದರೆ ನಾನು ಬರೆದುಕೊಂಡು ಹೋಗಿರಲಿಲ್ಲ.

ಮೊದಲು ಗುರುತು

ಒಂದು ನರ್ಸರಿಯಲ್ಲಿ "ಇದೇ ಎಡಮುರಿ" ಎಂದು ಕೊಟ್ಟ ಸಸಿಯನ್ನು ಎರಡು ವರ್ಷ ಸಾಕಿದೆ. ಮೂರನೆಯ ವರ್ಷ ಹಳದಿ ಹೂ ಬಿಟ್ಟಿತು. ಆಮೇಲೆ ಬಟಾಣಿ ಗಾತ್ರದ ಉರುಟು ಕಾಯಿ. ಅದು ದಡಸಲು! ಕೆಟ್ಟ ಗಿಡವೇನಲ್ಲ, ಆದರೆ ದೊಡ್ಡ ಮರವಾಗುವಂಥದ್ದು. ಕಾಂಪೌಂಡ್ ಪಕ್ಕದಿಂದ ಅದನ್ನು ಕೀಳಬೇಕಾಯಿತು. ತಪ್ಪು ಅವರದ್ದಷ್ಟೇ ಅಲ್ಲ. ಎಲೆ ಮಾತ್ರ ನೋಡಿ ಈ ಎರಡನ್ನು ಬೇರೆ ಮಾಡುವುದು ಕಷ್ಟವೇ.

ಆದರೂ ಎಲೆಯಿಂದಲೇ ಶುರು ಮಾಡೋಣ. ಎಡಮುರಿಯ ಎಲೆ ಅಂಗೈಯಷ್ಟು ಅಗಲ, ಅಂಚಿನಲ್ಲಿ ಗರಗಸದ ಹಲ್ಲು. ಬುಡಕ್ಕಿಂತ ತುದಿಯ ಕಡೆಗೆ ಜಾಸ್ತಿ ಅಗಲವಾಗಿ, ಆಮೇಲೆ ಥಟ್ಟನೆ ಒಂದು ಚಿಕ್ಕ ಮೊನೆಯಲ್ಲಿ ಮುಗಿಯುತ್ತದೆ. ದಡಸಲಿನ ಎಲೆ ಬುಡದ ಕಡೆಗೆ ಅಗಲ, ತುದಿಗೆ ಹೋಗುತ್ತ ನಿಧಾನಕ್ಕೆ ಸಣ್ಣಗಾಗುತ್ತದೆ. ಎರಡರ ಬುಡವೂ ಸ್ವಲ್ಪ ಓರೆ, ಹಾಗಾಗಿ ಬುಡ ನೋಡಿ ತೀರ್ಮಾನಕ್ಕೆ ಬರಬೇಡಿ. ಈಗ ಕಣ್ಣು ಮುಚ್ಚಿ ಎಲೆಯ ಮೇಲ್ಭಾಗಕ್ಕೆ ಹೆಬ್ಬೆರಳು ಉಜ್ಜಿ. ಉಪ್ಪುಕಾಗದದ ಹಾಗೆ ಒರಟು. ಕೆಳಭಾಗ ಉಜ್ಜಿ, ಮೆತ್ತಗೆ, ಹಳೆ ಕಂಬಳಿಯ ಹಾಗೆ. ಹೊಲದ ಬದುವಿನಲ್ಲಿ ಎಲ್ಲೆಂದರಲ್ಲಿ ಏಳುವ ಶ್ರೀಮುದ್ರೆ ಗಿಡದ ಎಲೆ ಎರಡೂ ಕಡೆ ಮಕಮಲ್ಲು. ಅಷ್ಟರ ಮಟ್ಟಿಗೆ ಬೆರಳೇ ಹೇಳಿಬಿಡುತ್ತದೆ.

ತೊಗಟೆ ಬೂದು ಬಣ್ಣ. ಎಳೆ ಕೊಂಬೆ ಮುರಿದು ಎಳೆದರೆ ಉದ್ದಕ್ಕೆ ನಾರು ಕಿತ್ತು ಬರುತ್ತದೆ. ಕಾಡಂಚಿನ ಊರುಗಳಲ್ಲಿ ಹಿಂದೆ ಇದರ ನಾರಿನಿಂದ ದನ ಕಟ್ಟುವ ಹಗ್ಗ ಹೊಸೆಯುತ್ತಿದ್ದರು. ದಾಸವಾಳ, ಬೆಂಡೆ, ಹತ್ತಿ, ನಮ್ಮ ಪುಂಡಿ ಎಲ್ಲ ಒಂದೇ ಬಳಗ, ಎಡಮುರಿಯೂ ಅದೇ ಬಳಗದ್ದು. ಪುಂಡಿ ಕಟ್ಟಿಗೆ ಸುಲಿದವರಿಗೆ ಈ ನಾರು ಹೊಸದಲ್ಲ. ಆದರೆ ದಡಸಲಿಗೂ ಹೀಗೇ ನಾರು ಬರುತ್ತದೆ. ಮತ್ತೆ ಸಿಕ್ಕಿಬಿದ್ದಿರಿ, ಅಲ್ವಾ?

ಅನುಮಾನ ಬಗೆಹರಿಸುವುದು ಹೂವು. ಮಳೆಗಾಲದಲ್ಲಿ ಎಲೆಯ ಕಂಕುಳಲ್ಲಿ ಒಂದೋ ಎರಡೋ ಹೂ ಬರುತ್ತವೆ. ಇಟ್ಟಿಗೆ ಕೆಂಪು, ಸುಮಾರು ಒಂದೂವರೆ ಅಂಗುಲ. ಐದು ಎಸಳು, ಒಂದೇ ಅಳತೆಯವಲ್ಲ. ಎರಡು ದೊಡ್ಡವು ಹಿಂದಕ್ಕೆ ಮಡಚಿಕೊಂಡಿರುತ್ತವೆ. ನಡುವಿನಿಂದ ಒಂದು ದಂಟು ಹೊರಚಾಚಿ ಕೊಕ್ಕೆಯ ಹಾಗೆ ಬಾಗಿರುತ್ತದೆ, ಪರಾಗ ಇರುವುದು ಅದರ ತುದಿಯಲ್ಲಿ. ಸೂರಕ್ಕಿ ಮಕರಂದಕ್ಕೆ ಕೊಕ್ಕು ಹಾಕಿದಾಗ ಪರಾಗ ಅದರ ತಲೆಗೆ ತಾಗುವಂತೆ ಆ ಬಾಗು ಇದೆ. ಇನ್ನೊಂದು ಮಜಾ ಇದೆ. ಹೂ ಹಳೆಯದಾಗುತ್ತ ಕೆಂಪು ಹೋಗಿ ಸೀಸದಂಥ ತಿಳಿ ನೀಲಿಗೆ ತಿರುಗುತ್ತದೆ. ಒಂದೇ ಕೊಂಬೆಯ ಮೇಲೆ ಕೆಂಪು ಹೂ, ಪಕ್ಕದಲ್ಲೇ ಬೂದು ನೀಲಿ ಹೂ. ಎರಡು ಗಿಡ ಸೇರಿಕೊಂಡಿವೆಯೇನೋ ಎಂದು ಮೊದಲ ಸಲ ನಾನು ಬುಡದ ತನಕ ಹುಡುಕಿದ್ದೆ.

ಕಾಯಿ ಬಂದರೆ ಮತ್ತೆ ಮಾತೇ ಇಲ್ಲ. ಐದು ಎಳೆ ಒಂದಕ್ಕೊಂದು ಸುತ್ತಿಕೊಂಡು, ಸ್ಕ್ರೂ ಹಾಗೆ ತಿರುಚಿ, ತುದಿಯಲ್ಲಿ ಮೊನೆ. ಎರಡು ಅಂಗುಲದಷ್ಟು ಉದ್ದ. ಮೊದಲು ಹಸಿರು, ಒಣಗಿದರೆ ಕಂದು. ಹೀಗಿರುವ ಕಾಯಿ ನಮ್ಮ ಭಾಗದಲ್ಲಿ ಬೇರೆ ಯಾವ ಗಿಡಕ್ಕೂ ಇಲ್ಲ.

ಹಾಗಾಗಿ ನನ್ನ ಸಲಹೆ ಒಂದೇ. ಹೂ ಅಥವಾ ಕಾಯಿ ಕಣ್ಣಾರೆ ಕಾಣದ ಸಸಿಗೆ ದುಡ್ಡು ಕೊಡಬೇಡಿ. ಕಾಯಿಯಿಂದಲೇ ಶುರು ಮಾಡಿ. ಕಾಯಿ ಗೊತ್ತಿದ್ದರೆ ಗಿಡವೂ ಗೊತ್ತಾದ ಹಾಗೆ.

ಕಾಯಿ ಎಲ್ಲಿಂದ ತರುವುದು

ಚಿಂಚೋಳಿ ಕಾಡಲ್ಲಿ ಇದೆ ಎಂದು ಹೇಳಿದ ಕೂಡಲೇ ಗುದ್ದಲಿ ಹಿಡಿದು ಹೊರಡಬೇಡಿ. ಚಂದ್ರಂಪಳ್ಳಿ ಸುತ್ತಲಿನ ಆ ಕಾಡು 2011ರಿಂದ ವನ್ಯಜೀವಿ ಅಭಯಾರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರೊಳಗಿಂದ ಅನುಮತಿ ಇಲ್ಲದೆ ಗಿಡ ಕೀಳುವುದು, ಕಾಯಿ ತರುವುದು ಅಪರಾಧ. ಕಿತ್ತು ತಂದರೂ ಬದುಕುವುದು ಕಷ್ಟ. ಬೇರು ಕಲ್ಲಿನ ಸಂದಿಯಲ್ಲಿ ಇಳಿದಿರುತ್ತದೆ, ಮೇಲಿನ ತುಂಡಷ್ಟೇ ಕೈಗೆ ಬರುತ್ತದೆ. ನೋಡಲು ಹೋಗಿ, ಫೋಟೋ ತೆಗೆದುಕೊಳ್ಳಿ, ಎಲೆ ಮುಟ್ಟಿ ನೋಡಿ ಬನ್ನಿ.

ಕಾಯಿ ಮಾತ್ರ ಊರಲ್ಲೇ ಸಿಗುತ್ತದೆ. ಗಿಡಮೂಲಿಕೆ ಮಾರುವ ಅಂಗಡಿ, ಹಳೆಯ ದೊಡ್ಡ ಕಿರಾಣಿ ಅಂಗಡಿ, ಎಲ್ಲಿ ಘುಟ್ಟಿ ಸಾಮಾನು ಇದೆಯೋ ಅಲ್ಲಿ. ನಾನು ಕೊಂಡದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಒಂದು ಅಂಗಡಿಯಲ್ಲಿ.

"ಮುರುಡಸೆಂಗಿ ಅದಾವ ಏನ್ರೀ?"

"ಅದಾವ್ರಿ. ಕೂಸಿಗಿ ಎಷ್ಟ್ ತಿಂಗಳ?"

"ಕೂಸಿಗಲ್ರಿ, ಬಿತ್ತಾಕ."

ಅವರು ನನ್ನ ಮುಖ ಒಂದು ಸಲ ನೋಡಿ, ಡಬ್ಬಿಯನ್ನೇ ಮುಂದಿಟ್ಟರು. "ಬಿತ್ತಾಕ ಒಯ್ದೋರು ನೀವೇ ಮೊದಲನೇದವ್ರು ನೋಡ್ರಿ. ನೀವೇ ಆರಿಸ್ಕೊರಿ."

ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ತುದಿ ಬಿಚ್ಚಿಕೊಂಡ ಕಾಯಿ ಬಿಡಿ, ಬೀಜ ಉದುರಿಹೋಗಿರುತ್ತವೆ. ಸೂಜಿ ಚುಚ್ಚಿದಂಥ ತೂತು ಇದ್ದರೆ ಹುಳ ತಿಂದಿದೆ. ಪೂರ್ತಿ ಕಪ್ಪಾಗಿ ಪುಡಿಪುಡಿ ಆಗುವಂಥದ್ದು ಹಳೆಯ ಮಾಲು. ಕಂದು ಬಣ್ಣದ, ತೂಕವಿರುವ, ಬಾಯಿ ಮುಚ್ಚಿದ ಕಾಯಿಗಳನ್ನು ತೆಗೆದುಕೊಳ್ಳಿ. ಹೊಸ ಕಾಯಿ ಚಳಿಗಾಲದ ಕೊನೆಗೆ ಬರುತ್ತದೆ. ಎಳ್ಳಮಾವಾಸ್ಯೆ ಕಳೆದ ಮೇಲೆ ಕೇಳಿದರೆ ಒಳ್ಳೇದು.

ಬೀಜದ ಜೊತೆ ಗುದ್ದಾಟ

ಕಾಯಿಯನ್ನು ತಿರುಚಿರುವ ದಿಕ್ಕಿಗೆ ವಿರುದ್ಧವಾಗಿ ಬಿಚ್ಚಿದರೆ ಐದು ಎಳೆ ಬೇರೆಯಾಗುತ್ತವೆ. ಒಳಗೆ ಸಾಸಿವೆಗಿಂತ ದಪ್ಪ, ಮೂಲೆ ಮೂಲೆಯಾದ, ಕಪ್ಪು ಕಂದು ಬೀಜ. ಬಿಳಿ ತಟ್ಟೆಯ ಮೇಲೆ ಬಿಚ್ಚಿ. ಇಲ್ಲದಿದ್ದರೆ ನೆಲದಲ್ಲಿ ಹುಡುಕಬೇಕು.

ಮೊದಲ ವರ್ಷ ನಾನು ಅವನ್ನು ಹಾಗೇ ಬಿತ್ತಿದೆ. ಒಂದು ಹಿಡಿ ಬೀಜದಲ್ಲಿ ಎದ್ದದ್ದು ಎರಡು, ಅದೂ ಎರಡು ತಿಂಗಳ ಮೇಲೆ. ಉಳಿದವು ಕೊಳೆಯಲೂ ಇಲ್ಲ, ಮೊಳೆಯಲೂ ಇಲ್ಲ. ಮಣ್ಣು ಕೆದಕಿ ನೋಡಿದರೆ ಹಾಕಿದಾಗ ಹೇಗಿದ್ದವೋ ಹಾಗೇ ಕೂತಿದ್ದವು. ಬೀಜದ ಸಿಪ್ಪೆ ಅಷ್ಟು ಗಟ್ಟಿ, ನೀರು ಒಳಗೆ ಇಳಿಯುವುದೇ ಇಲ್ಲ. ಮಳೆ ಸರಿಯಾಗಿ ಬರುವ ಗ್ಯಾರಂಟಿ ಇಲ್ಲದ ಜಾಗದಲ್ಲಿ ಎಲ್ಲ ಬೀಜ ಒಂದೇ ಸಲ ಮೊಳೆತರೆ ಎಲ್ಲ ಒಟ್ಟಿಗೆ ಒಣಗಿಯೂ ಹೋಗುತ್ತವೆ. ಅದಕ್ಕೇ ಕಾಡಿನಲ್ಲಿ ಇವು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಏಳುತ್ತವೆ. ನಮಗೆ ಅಷ್ಟು ಪುರುಸೊತ್ತಿಲ್ಲ, ಸಿಪ್ಪೆ ನಾವೇ ಗಾಯ ಮಾಡಬೇಕು.

ನಾನು ಮಾಡುವುದು ಹೀಗೆ. ಅಂಗಳದಲ್ಲಿ ಹಾಸಿದ ಶಹಾಬಾದಿ ಫರಸಿಯ ಒರಟು ಕಡೆ ಮೇಲೆ ಬೀಜ ಒಂದು ಚಮಚ ಹರಡುತ್ತೇನೆ. ಒಂದು ಕಟ್ಟಿಗೆ ತುಂಡಿಗೆ ಉಪ್ಪುಕಾಗದ ಸುತ್ತಿ, ಅದರಿಂದ ಬೀಜದ ಮೇಲೆ ಗುಂಡಗೆ ತಿರುಗಿಸುತ್ತ ಮೆಲ್ಲಗೆ ಉಜ್ಜುತ್ತೇನೆ. ಒತ್ತಬಾರದು, ಒತ್ತಿದರೆ ಬೀಜ ಒಡೆಯುತ್ತದೆ. ಐದಾರು ನಿಮಿಷಕ್ಕೆ ಕಲ್ಲಿನ ಮೇಲೆ ಕಂದು ಹಿಟ್ಟು ಕಾಣುತ್ತದೆ. ಬೀಜದ ಮೂಲೆಗಳಲ್ಲಿ ತಿಳಿ ಬಣ್ಣದ ಗೀರು ಮೂಡುತ್ತವೆ. ಅಷ್ಟು ಸಾಕು. ಫರಸಿ ಇಲ್ಲದವರು ಪ್ಲಾಸ್ಟಿಕ್ ಡಬ್ಬಿಯ ಒಳಗೆ ಉಪ್ಪುಕಾಗದ ಅಂಟಿಸಿ, ಬೀಜ ಹಾಕಿ, ಮುಚ್ಚಿ ಹತ್ತು ನಿಮಿಷ ಕುಲುಕಿದರೂ ಆಗುತ್ತದೆ. ಕೈ ನೋಯುತ್ತದೆ, ಮನೆಯ ಮಕ್ಕಳಿಗೆ ಕೊಡಿ.

ಆಮೇಲೆ ನೀರು ಕುದಿಸಿ, ಒಲೆಯಿಂದ ಇಳಿಸಿ, ಬೆರಳು ಇಟ್ಟು ತೆಗೆಯುವಷ್ಟು ಬಿಸಿಗೆ ಬಂದ ಮೇಲೆ ಬೀಜ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೋಡಿದರೆ ಕೆಲವು ಬೀಜ ಉಬ್ಬಿ ಎರಡರಷ್ಟು ಕಾಣುತ್ತವೆ. ಕೆಲವು ಮೊದಲಿನ ಹಾಗೇ ಸಣ್ಣಗೆ. ಉಬ್ಬಿದವನ್ನು ಆವತ್ತೇ ಬಿತ್ತಿ. ಉಬ್ಬದವನ್ನು ಎಸೆಯಬೇಡಿ, ಒರೆಸಿ ಮತ್ತೆ ಉಜ್ಜಿ, ಮತ್ತೆ ನೆನೆಹಾಕಿ. ತೇಲುವ ಬೀಜ ಮಾತ್ರ ಪೊಳ್ಳು.

ಬಿತ್ತುವುದು, ಸಸಿ ಸಾಕುವುದು

ಯುಗಾದಿ ಆಸುಪಾಸು ಬಿತ್ತಿದರೆ ಆರಿದ್ರಾ ಮಳೆಗೆ, ಅಂದರೆ ಜೂನ್ ಕೊನೆಗೆ, ಸಸಿ ನೆಲಕ್ಕೆ ಹೋಗಲು ತಯಾರಿರುತ್ತದೆ. ಈ ಬೀಜಕ್ಕೆ ಬೆಚ್ಚಗಿರಬೇಕು, ನಮ್ಮ ಬೇಸಿಗೆಯಲ್ಲಿ ಅದಕ್ಕೇನೂ ಕೊರತೆ ಇಲ್ಲ. ಆದರೆ ನೇರ ಬಿಸಿಲಲ್ಲಿ ಇಡಬೇಡಿ. ಬೇವಿನ ಮರದ ನೆರಳು ಸಾಕು.

ಎರಡು ಪಾಲು ಕೆಂಪು ಮಣ್ಣು ಇಲ್ಲವೇ ಮುರುಮು (ಗರಸು ಮಣ್ಣು), ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ. ಎತ್ತರದ ಚೀಲ ತೆಗೆದುಕೊಳ್ಳಿ, ತಾಯಿಬೇರು ಬೇಗ ಕೆಳಗೆ ಇಳಿಯುತ್ತದೆ. ಒಂದು ಚೀಲಕ್ಕೆ ಮೂರು ಬೀಜ, ಅರ್ಧ ಸೆಂಟಿಮೀಟರ್ ಆಳ. ಎರಡು ವಾರಕ್ಕೆ ಮೊದಲ ಮೊಳಕೆ ಬರುತ್ತದೆ, ಕೆಲವು ತಿಂಗಳು ಕಾಯಿಸುತ್ತವೆ. ಮಣ್ಣಿನ ಮೇಲ್ಪದರ ಒಣಗಿದ ಮೇಲಷ್ಟೇ ನೀರು. ನಮ್ಮಲ್ಲಿ ದಿನಾ ಎರಡು ಹೊತ್ತು ನೀರು ಹಾಕುವ ಅಭ್ಯಾಸ ಮನೆಯ ಹಿರಿಯರಿಗೆ ಇತ್ತು, ಪಾಪ ಪ್ರೀತಿಗೆ. ಒಂದೇ ವಾರದಲ್ಲಿ ಅರ್ಧ ಸಸಿ ಬುಡ ಕರಗಿ ಮಲಗಿದವು.

ಮಣ್ಣು: ಇಲ್ಲಿಯೇ ಎಲ್ಲ ಇದೆ

ಈ ಗಿಡ ಕಾಡಲ್ಲಿ ಎಲ್ಲಿ ಬೆಳೆಯುತ್ತದೆ ನೋಡಿ. ಇಳಿಜಾರು, ಕಲ್ಲು, ನೀರು ನಿಲ್ಲದ ಜಾಗ. ಬೀದರಿನವರು ಪುಣ್ಯವಂತರು. ಅಲ್ಲಿ ಕಾಲಡಿ ಇರುವುದು ಕೆಂಪು ಜಂಬಿಟ್ಟಿಗೆ, ಅದೇ ನೆಲದಲ್ಲಿ ಕರೇಜ್ ಸುರಂಗ ತೋಡಿ ಹಿಂದಿನವರು ನೀರು ಹರಿಸಿದ್ದರು. ಅಲ್ಲಿ ಹಾರೆಯಿಂದ ಎರಡು ಅಡಿ ಗುಂಡಿ ತೆಗೆದು, ಅದೇ ಮಣ್ಣಿಗೆ ಒಂದು ಬುಟ್ಟಿ ಗೊಬ್ಬರ ಬೆರೆಸಿ ಮುಚ್ಚಿದರೆ ಆಯಿತು. ಯಾದಗಿರಿ, ಸುರಪುರದ ಬಂಡೆಗುಡ್ಡಗಳ ಬುಡದ ಉಸುಕು ಮಿಶ್ರಿತ ಕೆಂಪು ಮಣ್ಣೂ ಹಾಗೇ, ಜಾಸ್ತಿ ಕೆಲಸ ಕೊಡುವುದಿಲ್ಲ.

ತ್ರಾಸು ಇರುವುದು ಕಲಬುರಗಿಯ ಎರಿ ಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ. ತೊಗರಿಗೆ ಬಂಗಾರದಂಥ ಮಣ್ಣು, ಎಡಮುರಿಗೆ ಅಲ್ಲ. ಮಳೆ ಬಂದರೆ ಉಬ್ಬಿ, ನೀರು ಹಿಡಿದು, ದಿನಗಟ್ಟಲೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಎಳೆ ಬೇರು ಹರಿಯುತ್ತದೆ. ನನ್ನ ಮೊದಲ ಐದು ಸಸಿ ಹಾಕಿದ್ದು ಸೀದಾ ಎರಿ ನೆಲದಲ್ಲಿ, ಗುಂಡಿ ತೆಗೆದು. ಆಗಸ್ಟ್‌ನಲ್ಲಿ ಜಡಿಮಳೆ ಹಿಡಿಯಿತು, ಗುಂಡಿ ಬಟ್ಟಲಾಯಿತು. ಎಂಟು ದಿನ ನಿಂತ ನೀರಲ್ಲಿ ಐದೂ ಹೋದವು.

ಎರಿ ನೆಲದಲ್ಲಿ ಗುಂಡಿ ತೆಗೆಯಬೇಡಿ, ದಿಬ್ಬ ಹಾಕಿ. ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕೆಳಗೆ ಒಡೆದ ಕಲ್ಲು, ಇಟ್ಟಿಗೆ ಚೂರು. ಮೇಲೆ ಮುರುಮು ಮತ್ತು ಗೊಬ್ಬರ. ಸುತ್ತ ದಪ್ಪ ಕಲ್ಲು ಜೋಡಿಸಿ, ಮಣ್ಣು ಜಾರದ ಹಾಗೆ. ಒಂದು ಟಂಟಂ (ಸಾಮಾನು ಆಟೋ) ಮುರುಮು ತರಿಸಿದರೆ ಎರಡು ಮೂರು ದಿಬ್ಬ ಆಗುತ್ತವೆ.

ಶಹಾಬಾದ್, ಸೇಡಂ, ಚಿತ್ತಾಪುರದವರಿಗೆ ಒಂದು ಮಾತು. ನಿಮ್ಮ ಕಡೆ ಸುಣ್ಣದಕಲ್ಲಿನ ನೆಲ, ಬೋರ್‌ವೆಲ್ ನೀರೂ ಗಡುಸು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ದಿಬ್ಬಕ್ಕೆ ಫರಸಿ ಗಣಿಯ ಪುಡಿ ಹಾಕಬೇಡಿ. ಬುಡಕ್ಕೆ ಒಣ ಎಲೆ ದಪ್ಪಗೆ ಮುಚ್ಚಿ, ಆದಷ್ಟು ಮಳೆನೀರು ಕೊಡಿ.

ಗಿಡದಿಂದ ಗಿಡಕ್ಕೆ ಆರು ಅಡಿ ಬಿಡಿ. ಹತ್ತು ಹನ್ನೆರಡು ಅಡಿ ಎತ್ತರಕ್ಕೆ ಹೋಗುತ್ತದೆ, ಪಕ್ಕಕ್ಕೂ ಹರಡುತ್ತದೆ. ಬಿಸಿಲು ಬೇಕು, ಅರ್ಧ ದಿನವಾದರೂ.

ಮೊದಲ ಬೇಸಿಗೆ, ಉಗುರಿನ ಪರೀಕ್ಷೆ

ಫೆಬ್ರುವರಿಗೆ ಎಲೆ ಉದುರಲು ಶುರು. ಮಾರ್ಚ್ ಕೊನೆಗೆ ನೋಡಿದರೆ ನೆಲಕ್ಕೆ ಚುಚ್ಚಿದ ಕಡ್ಡಿ ಅಷ್ಟೇ. ಹೊಸಬರು ಗಾಬರಿಯಾಗಿ ದಿನಾ ಕೊಡ ಕೊಡ ನೀರು ಸುರಿಯುವುದು ಇಲ್ಲಿಯೇ. ಸುರಿಯಬೇಡಿ. ಕಾಡಲ್ಲೂ ಇದು ಬೇಸಿಗೆಯಲ್ಲಿ ಬೋಳಾಗಿಯೇ ಇರುತ್ತದೆ. ಸತ್ತಿದೆಯೋ ಮಲಗಿದೆಯೋ ತಿಳಿಯಲು ಬುಡದ ಹತ್ತಿರ ತೊಗಟೆಯನ್ನು ಉಗುರಿನಿಂದ ಒಂಚೂರು ಕೆರೆಯಿರಿ. ಒಳಗೆ ಹಸಿ ಹಸಿರು ಕಂಡರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಇನ್ನೊಂದು ಅಂಗುಲ ಕೆಳಗೆ ಕೆರೆಯಿರಿ. ನನ್ನದೊಂದು ಗಿಡ ಮೇಲೆಲ್ಲ ಒಣಗಿ, ನೆಲಮಟ್ಟದಲ್ಲಿ ಮಾತ್ರ ಹಸಿರು ಇತ್ತು. ಮಿರಗ (ಮೃಗಶಿರಾ) ಮಳೆ ಬಿದ್ದ ವಾರಕ್ಕೆ ಬುಡದಿಂದ ಮೂರು ಚಿಗುರು ಎದ್ದವು. ಈಗ ಮೂರರಲ್ಲಿ ಅದೇ ದಪ್ಪ.

ಮೊದಲ ಎರಡು ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಒಂದು ಕೊಡ ನೀರು, ಸಂಜೆ ಹೊತ್ತು. ಮೂರನೆಯ ಬೇಸಿಗೆಯಿಂದ ಬಿಟ್ಟುಬಿಡಿ. ಬಿಸಿಲು 42, 43 ಡಿಗ್ರಿ ಮುಟ್ಟಿದರೂ ನನ್ನವು ಏನೂ ಆಗಲಿಲ್ಲ. ಯೂರಿಯಾ ಕೊಡಬೇಡಿ, ಎಲೆ ಸೊಂಪಾಗಿ ಬಂದು ಹಿಟ್ಟು ತಿಗಣೆಗೆ ಊಟ ಆಗುತ್ತದೆ. ಹಿಟ್ಟು ತಿಗಣೆ ಕಂಡರೆ ಪೈಪಿನಿಂದ ಜೋರಾಗಿ ನೀರು ಹೊಡೆದು ಉದುರಿಸಿ. ಬೆಂಡೆ, ದಾಸವಾಳ ಪಕ್ಕದಲ್ಲಿದ್ದರೆ ಅವನ್ನೂ ನೋಡಿ, ಬರುವುದು ಅಲ್ಲಿಂದಲೇ.

ಎಲೆಯ ಅಂಚು ಕತ್ತರಿಸಿ, ಮಡಚಿ, ಒಳಗೆ ಹುಳ ಕೂತಿರುವುದು ಕಂಡರೆ ಔಷಧಿ ಹೊಡೆಯಬೇಡಿ. ಗೋಲ್ಡನ್ ಆಂಗಲ್ ಎಂಬ ಕಂದು ಬಣ್ಣದ ಸಣ್ಣ ಚಿಟ್ಟೆಯ ಮರಿ ತಿನ್ನುವುದು ಈ ಗಿಡದ ಎಲೆಯನ್ನೇ. ನಾಲ್ಕು ಎಲೆ ಹೋದರೆ ಹೋಗಲಿ. ಊರೊಳಗಿನ ಗಿಡಕ್ಕೆ ಅದು ಬಂತು ಅಂದರೆ ನನಗಂತೂ ಖುಷಿ, ನನ್ನಲ್ಲಿ ಇನ್ನೂ ಬಂದಿಲ್ಲ.

ಕತ್ತರಿ ಹಾಕುವುದಿದ್ದರೆ ಮೇ ತಿಂಗಳಲ್ಲಿ, ಮಳೆಗೆ ಮೊದಲು. ಮೊಣಕಾಲೆತ್ತರಕ್ಕೆ ಕಡಿದರೂ ಬುಡದಿಂದ ಚಿಗುರುತ್ತದೆ. ಮಳೆಗಾಲ ಶುರುವಾದ ಮೇಲೆ ಕಡಿದರೆ ಆ ವರ್ಷದ ಹೂ ಕಡಿದ ಹಾಗೆ.

ಹೂ, ಕಾಯಿ

ನನ್ನಲ್ಲಿ ಮೂರನೆಯ ಮಳೆಗಾಲಕ್ಕೆ ಹೂ ಬಂದವು. ಬೆಳಿಗ್ಗೆ ಚಹಾ ಹಿಡಿದು ಹಿತ್ತಲ ಬಾಗಿಲಲ್ಲಿ ಕೂತರೆ ಸೂರಕ್ಕಿ ಬರುತ್ತವೆ, ಚಿಟ್ಟೆ ಬರುತ್ತವೆ, ಸುಮ್ನೆ ನೋಡುತ್ತ ಕೂತು ಎಷ್ಟೋ ಸಲ ಬಸ್ ತಪ್ಪಿಸಿಕೊಂಡಿದ್ದೇನೆ. ದೀಪಾವಳಿ ಹೊತ್ತಿಗೆ ಹಸಿರು ಕಾಯಿ ತಿರುಚಿಕೊಂಡು ನಿಲ್ಲುತ್ತವೆ.

ಕಂದು ಬಣ್ಣಕ್ಕೆ ತಿರುಗಿ, ತುದಿ ಇನ್ನೂ ಬಿಚ್ಚದಿರುವಾಗ ಕೊಯ್ಯಿರಿ. ನೆರಳಲ್ಲಿ ಒಂದು ವಾರ ಒಣಗಿಸಿ ಕಾಗದದ ಚೀಲದಲ್ಲಿ ಇಡಿ, ಮೇಲೆ ತಿಂಗಳು ವರ್ಷ ಬರೆಯಿರಿ. ಕಾಯಿ ಬಂದದ್ದು ಓಣಿಗೆ ಗೊತ್ತಾದರೆ ಘುಟ್ಟಿಗೆ ಕೇಳಿಕೊಂಡು ಬರುತ್ತಾರೆ. ಆರು ತಿಂಗಳ ತನಕ ಕೂಸಿಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ ಎನ್ನುತ್ತಾರೆ ಮಕ್ಕಳ ಡಾಕ್ಟರು. ನಾನು ಕಾಯಿ ಕೊಡುವಾಗ ಆ ಮಾತನ್ನೂ ಹೇಳಿ, ಡಾಕ್ಟರನ್ನು ಕೇಳಿ ಅಂತಲೇ ಕೊಡುತ್ತೇನೆ.

ನಾಲ್ಕೈದು ಕಾಯಿ ಗಿಡದ ಮೇಲೇ ಬಿಡಿ. ತುದಿ ತಾನಾಗಿ ಬಿಚ್ಚಿ ಬೀಜ ಕೆಳಗೆ ಬೀಳುತ್ತವೆ, ಯಾವುದೋ ಒಂದು ಮಳೆಗಾಲ ಬುಡದಲ್ಲಿ ಸಸಿ ಏಳುತ್ತದೆ. ಎದ್ದರೆ ಎರಡು ಎಲೆ ಇರುವಾಗಲೇ ಮಣ್ಣಿನ ಹೆಂಟೆ ಸಮೇತ ಎತ್ತಿ ಚೀಲಕ್ಕೆ ಹಾಕಿ. ಬೇರು ಕಲ್ಲಿಗೆ ಇಳಿದ ಮೇಲೆ ಎತ್ತಲು ಬರುವುದಿಲ್ಲ.